ಮನೆಯ ಪಾಠಶಾಲೆಯಲ್ಲಿ ವಿದ್ಯಾರ್ಥಿ ಯಾರು?

ಮನೆಯೇ ಮೊದಲ ಪಾಠಶಾಲೆ, ಜನನಿ ತಾನೇ ಮೊದಲ ಗುರು ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಹೊಸಪೇಟೆಯಿಂದ ಮಲಪನಗುಡಿ ದಾಟಿ ಕಮಲಾಪುರದತ್ತ ಹೋದರೂ ಸರಿ, ಸಂಡೂರು, ಕಂಪ್ಲಿಗಳ ಕಡೆ ತಿರುಗಿದರೂ ಸರಿ, ಶಾಲೆಯ ವಾರ್ಷಿಕೋತ್ಸವ, ಮಠದ ಆಶೀರ್ವಚನ, ಚರ್ಚಿನ ಪ್ರಸಂಗ, ಮದುವೆಯ ಮಂಟಪ ಎಲ್ಲೆಡೆಯೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳಿ ಹೇಳಿ ಸವೆದುಹೋದ ಈ ಮಾತಿನೊಳಗೆ ನಾವು ಕೇಳದೇ ಬಿಟ್ಟ ಒಂದು ಪ್ರಶ್ನೆಯಿದೆ. ಮನೆ ಪಾಠಶಾಲೆಯಾದರೆ ಅಲ್ಲಿ ವಿದ್ಯಾರ್ಥಿ ಯಾರು? ಮಕ್ಕಳು, ಇನ್ಯಾರು ಎಂದು ಥಟ್ಟನೆ ಉತ್ತರ ಬರುತ್ತದೆ. ಕ್ರೈಸ್ತ ಕುಟುಂಬಗಳಲ್ಲೂ ಹಾಗೇ ನಂಬಿಕೊಂಡು ಬಂದಿದ್ದಾರೆ. ಭಾನುವಾರ ಸಂಡೇ ಸ್ಕೂಲಿಗೆ ಕಳಿಸುವುದು, ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಕೈಜೋಡಿಸಿ ಕೂರಿಸುವುದು, ತಪ್ಪು ಮಾಡಿದಾಗ ದೇವರು ನೋಡುತ್ತಾನೆ ಎಂದು ಹೆದರಿಸುವುದು, ಇಷ್ಟನ್ನೇ ಮನೆಯಲ್ಲಿ ನಡೆಯುವ ಧರ್ಮಬೋಧೆ ಎಂದು ತಿಳಿದವರು ಬಹಳ. ಆದರೆ ಯೇಸುವಿನ ಮಾತುಗಳನ್ನು ಸಾವಧಾನದಿಂದ ಓದಿದರೆ ಉತ್ತರ ತಿರುಗಿ ನಿಲ್ಲುತ್ತದೆ. ದಿನನಿತ್ಯದ ಸಂಸಾರದಲ್ಲಿ ಕಾಣಸಿಗುವ ನಂಬಿಕೆಯ ಪಾಠಗಳೆಲ್ಲ ಮೊದಲು ಮನೆಯ ಹಿರಿಯರ ಕಡೆಗೇ ಕೈತೋರುತ್ತವೆ. ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರೇ ಮೊದಲ ಬೆಂಚಿನಲ್ಲಿ ಕೂತು ಕಲಿಯಬೇಕಾದವರು. ಈ ಲೇಖನದ ವಾದ ಇದೊಂದೇ.

ಯೇಸುವಿನ ಬೋಧನೆಯ ದೊಡ್ಡ ಭಾಗ ಚಿಕ್ಕ ಚಿಕ್ಕ ಕಥೆಗಳಲ್ಲಿದೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇವನ್ನು ಸಾಮ್ಯ ಎನ್ನುತ್ತಾರೆ, ಕಥೋಲಿಕರು ಸಾಮತಿ ಎನ್ನುತ್ತಾರೆ. ಈ ಕಥೆಗಳಲ್ಲಿ ದೇವಾಲಯದ ಗರ್ಭಗುಡಿಗಿಂತ ಅಡುಗೆಮನೆ ಹೆಚ್ಚು ಸಲ ಬರುತ್ತದೆ. ಉಪ್ಪು, ಹಿಟ್ಟು, ಕೊಳಗದಡಿ ಮುಚ್ಚಿಡಬಾರದ ದೀಪ, ಹಳೇ ಬಟ್ಟೆಗೆ ಹಾಕುವ ತೇಪೆ, ಸಂತೆಬೀದಿಯಲ್ಲಿ ಆಡುವ ಮಕ್ಕಳು, ಅಪ್ಪ ತೋಟದ ಕೆಲಸ ಹೇಳಿದಾಗ ಒಬ್ಬ ಆಗಲಿ ಎಂದು ಹೋಗದಿರುವುದು, ಇನ್ನೊಬ್ಬ ಒಲ್ಲೆ ಎಂದವನು ಆಮೇಲೆ ಮನಸ್ಸು ಬದಲಿಸಿ ಹೋಗುವುದು. ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಹಿಟ್ಟಿನೊಳಗೆ ಹುಳಿಹಿಟ್ಟು ಕಲಸಿಡುತ್ತಾಳೆ, ಇಡೀ ಹಿಟ್ಟು ಉಬ್ಬುತ್ತದೆ, ದೇವರ ರಾಜ್ಯ ಇದರಂತೆ ಎನ್ನುತ್ತಾನೆ ಯೇಸು. ಜೋಳದ ರೊಟ್ಟಿ ತಿನ್ನುವ ನಮ್ಮ ಕಡೆ ರೊಟ್ಟಿಗೆ ಹುಳಿ ಬೇಕಿಲ್ಲ ನಿಜ, ಆದರೆ ರಾತ್ರಿ ಹಾಲಿಗೆ ಬಿಟ್ಟ ಒಂದು ಚಮಚ ಹೆಪ್ಪು ಬೆಳಗಾಗುವಷ್ಟರಲ್ಲಿ ಏನು ಮಾಡುತ್ತದೆ ಎಂದು ಗೊತ್ತಿಲ್ಲದ ಮನೆಯಿಲ್ಲ. ಆ ಕಥೆಯ ಹಿಟ್ಟಿನ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಸುಮಾರು 40 ಲೀಟರ್ ಆಗುತ್ತದೆ. ಒಂದು ಮನೆಯ ಊಟಕ್ಕೆ ಅಷ್ಟು ಹಿಟ್ಟು ಯಾರೂ ಕಲಸುವುದಿಲ್ಲ, ಅದು ನೂರಕ್ಕೂ ಹೆಚ್ಚು ಜನರ ಊಟ. ಒಬ್ಬ ಹೆಂಗಸಿನ ಕೈಯ ಕೆಲಸ ಒಂದು ಕೇರಿಗೇ ಸಾಲುವಷ್ಟು ಬೆಳೆಯಿತು ಎಂಬುದು ಕೇಳುತ್ತಿದ್ದವರಿಗೆ ಕೂಡಲೇ ಹೊಳೆದಿರಬೇಕು.

ಲೂಕನ 15ನೇ ಅಧ್ಯಾಯದ ಕಳೆದುಹೋದ ನಾಣ್ಯದ ಕಥೆಯನ್ನು ಹತ್ತಿರದಿಂದ ನೋಡಬೇಕು. ಗಲಿಲಾಯದ ಕಪೆರ್ನೌಮಿನಲ್ಲಿ ಅಗೆದು ತೆಗೆದ ಮನೆಗಳು ಕಪ್ಪು ಕಲ್ಲಿನವು. ಕಿಟಕಿಗಳು ತೀರಾ ಚಿಕ್ಕವು, ನೆಲಕ್ಕೆ ಒರಟು ಕಲ್ಲು ಹಾಸಿದ್ದರು, ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು. ಅಂಥ ಮನೆಯಲ್ಲಿ ನಾಣ್ಯ ಬಿದ್ದರೆ ಹಗಲಲ್ಲೂ ದೀಪ ಹಚ್ಚಬೇಕು, ಕಸಬರಿಗೆ ಹಿಡಿದು ಮೂಲೆಮೂಲೆ ಗುಡಿಸಬೇಕು, ಕಲ್ಲಿಗೆ ಲೋಹ ತಾಗಿ ಟಿಣ್ ಎಂದೀತೇ ಎಂದು ಕಿವಿಗೊಡಬೇಕು. ಬಳ್ಳಾರಿ ಸೀಮೆಯ ಹಳೇ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬೆಳಕು, ಉಳಿದದ್ದೆಲ್ಲ ತಂಪು ಕತ್ತಲೆ. ಹತ್ತರಲ್ಲಿ ಒಂದು ನಾಣ್ಯ ಹೋದರೆ ಹೋಗಲಿ ಎನ್ನದೆ ಸೊಂಟ ಬಗ್ಗಿಸಿ ಹುಡುಕುವ ಆ ಹೆಂಗಸನ್ನು ಯೇಸು ದೇವರಿಗೆ ಹೋಲಿಸುತ್ತಾನೆ. ಇಲ್ಲಿ ಕಳೆದುಹೋದ ನಾಣ್ಯಕ್ಕೆ ಯಾವ ಬುದ್ಧಿಮಾತೂ ಇಲ್ಲ. ಕೆಲಸವೆಲ್ಲ ಹುಡುಕುವವಳದು, ಬೆವರೂ ಅವಳದೇ.

ಈ ಕಥೆಗಳು ಕನ್ನಡಕ್ಕೆ ಬಂದದ್ದೂ ನಮ್ಮ ಸೀಮೆಯ ಮೂಲಕವೇ ಎನ್ನುವುದನ್ನು ಇಲ್ಲಿಯ ಓದುಗರು ನೆನಪಿಡಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಅವನ ಜೊತೆಗಾರ ವಿಲಿಯಂ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಕನ್ನಡದ ಮೊದಲ ಪತ್ರಿಕೆಯೆಂದು ಹೆಸರಾದ, 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಂಗಳೂರ ಸಮಾಚಾರವೂ ಮರುವರ್ಷ ಬಳ್ಳಾರಿಗೆ ಬಂದು ಕನ್ನಡ ಸಮಾಚಾರವಾಯಿತು. ಹಿಟ್ಟು, ಹುಳಿ, ಕೊಳಗ, ದೀಪ, ತೇಪೆ ಎಂಬ ಮನೆಮಾತಿನ ಪದಗಳು ಸಿಕ್ಕದಿದ್ದರೆ ಆ ಅನುವಾದ ಸಾಧ್ಯವೇ ಇರಲಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 2ಕ್ಕಿಂತ ಕಡಿಮೆ. ಆದರೂ ಸುವಾರ್ತೆಯ ಕಥೆಗಳು ಬೇರೆಯವರಿಗೂ ಪರಕೀಯವೆನಿಸದಿರಲು ಈ ಮನೆಮಾತೇ ಕಾರಣ.

ಈಗ ವಾದದ ಮುಖ್ಯ ಭಾಗಕ್ಕೆ ಬರೋಣ. ಸಂಸಾರದ ಕಥೆಗಳಲ್ಲಿ ಯೇಸು ಭಾರವನ್ನು ಯಾರ ಹೆಗಲಿಗೆ ಹಾಕುತ್ತಾನೆ ಎಂದು ಒಂದೊಂದಾಗಿ ಗಮನಿಸಿ. ತಪ್ಪಿಹೋದ ಮಗನ ಕಥೆಯಲ್ಲಿ ಆಸ್ತಿಯ ಪಾಲು ಕೇಳಿ ಪಡೆದು, ದೂರದೇಶದಲ್ಲಿ ದುಂದು ಮಾಡಿ, ಹಂದಿ ಮೇಯಿಸುವ ಸ್ಥಿತಿಗೆ ಇಳಿದ ಮಗ ಮನೆಯತ್ತ ಹೊರಡುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ದಶಕಗಳ ಕಾಲ ಮಧ್ಯಪ್ರಾಚ್ಯದಲ್ಲಿ ಬದುಕಿದ ವಿದ್ವಾಂಸ ಕೆನೆತ್ ಬೈಲಿ ಈ ಓಟದ ಬಗ್ಗೆ ವಿಸ್ತಾರವಾಗಿ ಬರೆದಿದ್ದಾನೆ. ಅಲ್ಲಿಯ ಹಳ್ಳಿಗಳಲ್ಲಿ ಮರ್ಯಾದಸ್ಥ ಹಿರಿಯ ಯಾವತ್ತೂ ಓಡುವುದಿಲ್ಲ, ನಿಲುವಂಗಿ ಎತ್ತಿಕಟ್ಟಿ ಬೀದಿಯಲ್ಲಿ ಓಡಿದರೆ ಊರ ಮುಂದೆ ಮಾನ ಹೋದಂತೆ. ನಮ್ಮಲ್ಲಿಯೂ ಊರ ಗೌಡರು ಪಂಚೆ ಎತ್ತಿಕೊಂಡು ಅಗಸಿ ಬಾಗಿಲವರೆಗೆ ಓಡಿದರೆ ಜನ ಏನೆಂದಾರು? ಮಗನ ಅವಮಾನವನ್ನು ಅಪ್ಪ ತನ್ನ ಮೈಮೇಲೆ ತೆಗೆದುಕೊಂಡ. ಲೂಕನ 11ನೇ ಅಧ್ಯಾಯದಲ್ಲಿ ಮಧ್ಯರಾತ್ರಿ ಸ್ನೇಹಿತ ಬಾಗಿಲು ಬಡಿಯುತ್ತಾನೆ, ಬಂದ ನೆಂಟನಿಗೆ ರೊಟ್ಟಿ ಬೇಕು. ಒಂದೇ ಕೋಣೆಯ ಮನೆ, ಮಕ್ಕಳೆಲ್ಲ ಮಗ್ಗುಲಲ್ಲಿ ಮಲಗಿದ್ದಾರೆ, ಎದ್ದರೆ ಎಲ್ಲರಿಗೂ ಎಚ್ಚರವಾಗುತ್ತದೆ. ಏಳಬೇಕಾದವನು ಮನೆಯೊಡೆಯನೇ. ಮತ್ತಾಯನ 18ನೇ ಅಧ್ಯಾಯದಲ್ಲಿ ಶಿಷ್ಯರು ಪರಲೋಕರಾಜ್ಯದಲ್ಲಿ ಯಾರು ದೊಡ್ಡವರು ಎಂದು ಕೇಳಿದಾಗ ಯೇಸು ಒಂದು ಮಗುವನ್ನು ನಡುವೆ ನಿಲ್ಲಿಸುತ್ತಾನೆ. ಆ ಮಗು ಒಂದು ಮಾತೂ ಆಡುವುದಿಲ್ಲ, ಅದನ್ನು ನೋಡಿ ಕಲಿಯಬೇಕಾದವರು ಸುತ್ತ ನಿಂತ ಗಂಡಸರು.

ಯೇಸುವಿಗಿಂತ ಹಿಂದಿನ ಹಳೆ ಒಡಂಬಡಿಕೆಯಲ್ಲೂ ಇದೇ ಜಾಡು ಸಿಗುತ್ತದೆ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸಬೇಕೆನ್ನುತ್ತದೆ, ಆದರೆ ಅದಕ್ಕೆ ಮೊದಲು ಅವು ನಿನ್ನ ಎದೆಯಲ್ಲಿರಲಿ ಎಂದು ದೊಡ್ಡವರಿಗೆ ಹೇಳುತ್ತದೆ. ವಿಮೋಚನಕಾಂಡದ 12ನೇ ಅಧ್ಯಾಯದ ಪಸ್ಕಹಬ್ಬದ ಊಟದಲ್ಲಿ ಮಾತಿಗೆ ದಾರಿ ಮಾಡುವುದು ಮಗುವಿನ ಪ್ರಶ್ನೆ. ಇದೆಲ್ಲ ಯಾಕೆ ಮಾಡುತ್ತೀರಿ ಎಂದು ಮಕ್ಕಳು ಕೇಳುತ್ತಾರೆ, ಆಗ ಹಿರಿಯರು ಉತ್ತರ ಕೊಡಬೇಕು. ಇಂದಿಗೂ ಯೆಹೂದಿ ಮನೆಗಳಲ್ಲಿ ಆ ರಾತ್ರಿ ಕಿರಿಯ ಮಗುವೇ ಪ್ರಶ್ನೆ ಕೇಳುವ ರೂಢಿಯಿದೆ. ಯೇಸುವಿನ ನಂತರ ಬಂದ ಅಪೊಸ್ತಲ ಪೌಲನ ಕಾಲದ ರೋಮ್ ಕಾನೂನಿನಲ್ಲಿ ತಂದೆಗೆ ಮಕ್ಕಳ ಪ್ರಾಣದ ಮೇಲೂ ಅಧಿಕಾರವಿತ್ತು. ಅಂಥ ದಿನಗಳಲ್ಲಿ ಎಫೆಸದವರಿಗೆ ಬರೆದ ಪತ್ರ ಮಕ್ಕಳು ವಿಧೇಯರಾಗಿರಬೇಕು ಎಂದು ಹೇಳಿ ನಿಲ್ಲುವುದಿಲ್ಲ, ತಂದೆಗಳೇ ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದು ಮುಂದುವರಿಯುತ್ತದೆ. ಮಕ್ಕಳಿಗೆ ವಿಧೇಯತೆ ಕಲಿಸಿದ ಗ್ರಂಥಗಳು ಆ ಕಾಲದಲ್ಲಿ ಎಷ್ಟೋ ಇದ್ದವು. ತಂದೆಗೆ ಲಗಾಮು ಹಾಕಿದವು ವಿರಳ.

ಇದನ್ನು ಇಂದಿನ ಮನೆಗೆ ತಂದು ನೋಡೋಣ. ಫೋನ್ ರಿಂಗಾಗುತ್ತದೆ, ಸಾಲ ಕೊಟ್ಟವನ ಕರೆ. ಅಪ್ಪ ಮನೆಯ ಪಡಸಾಲೆಯಲ್ಲಿ ಕೂತೇ ಬಳ್ಳಾರಿಯಲ್ಲಿದ್ದೇನೆ, ನಾಳೆ ಬರುತ್ತೇನೆ ಎನ್ನುತ್ತಾನೆ. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ ನೋಡುತ್ತಾಳೆ, ಮತ್ತೆ ಪುಸ್ತಕಕ್ಕೆ ಬಗ್ಗುತ್ತಾಳೆ. ಸುಳ್ಳು ಹೇಳಬಾರದು ಎಂಬ ಆಜ್ಞೆಯನ್ನು ಅವಳು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದಾಳೆ. ಈ ಅರ್ಧ ನಿಮಿಷದಲ್ಲಿ ನಂಬಿಕೆಯ ಪಾಠವಿದೆ, ಆದರೆ ಅದು ಅವಳಿಗಿರುವ ಪಾಠವಲ್ಲ. ಅಪ್ಪ ಮತ್ತೆ ಫೋನು ಮಾಡಿ ಮನೆಯಲ್ಲೇ ಇದ್ದೇನೆ, ಈ ವಾರ ದುಡ್ಡು ಹೊಂದಲಿಲ್ಲ ಎಂದರೆ, ಆಮೇಲೆ ಮಗಳಿಗೆ ತಪ್ಪಾಯ್ತವ್ವಾ ಎಂದರೆ, ಹತ್ತು ವರ್ಷದ ಪ್ರಸಂಗಗಳು ಮಾಡದ ಕೆಲಸ ಆಗುತ್ತದೆ. ಕಥೋಲಿಕ ಸಭೆಯ ಪೋಪ್ ಫ್ರಾನ್ಸಿಸ್ ಸಂಸಾರಕ್ಕೆ ಮೂರು ಮಾತು ಬೇಕು ಎಂದು ಮತ್ತೆ ಮತ್ತೆ ಹೇಳುತ್ತಿದ್ದರು, 2016ರ ಆಮೋರಿಸ್ ಲೆತೀಸಿಯ ಎಂಬ ತಮ್ಮ ಬರಹದಲ್ಲೂ ಸೇರಿಸಿದರು: ಅನುಮತಿ ಕೇಳುವ ಮಾತು, ಉಪಕಾರ ನೆನೆಯುವ ಮಾತು, ಕ್ಷಮೆ ಕೇಳುವ ಮಾತು. ಮೂರೂ ದೊಡ್ಡವರ ಬಾಯಿಂದ ಚಿಕ್ಕವರಿಗೆ ಹೋಗುವುದು ನಮ್ಮ ಮನೆಗಳಲ್ಲಿ ಎಷ್ಟು ಅಪರೂಪ! ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತ, ಮಗುವಿನ ಹೊಲಸು ಬಟ್ಟೆ ಒಗೆಯುವ ಅಪ್ಪನನ್ನು ಊರವರು ನಕ್ಕು ಆಡಿಕೊಂಡರೂ ದೇವರು ದೇವದೂತರೊಂದಿಗೆ ಸಂತೋಷಪಡುತ್ತಾನೆ ಎಂದಿದ್ದ. 500 ವರ್ಷವಾದರೂ ಆ ಪಾಠ ಪೂರ್ತಿ ಕಲಿತವರು ಕಡಿಮೆ.

ಅಡುಗೆಮನೆಯಲ್ಲೂ ಇಂಥದ್ದೇ ಒಂದು ಗಳಿಗೆ ದಿನವೂ ಬರುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿಯುವ ಎಸರು ಹಾಕಿ, ಬಿಸಿ ತಾಳಿಕೊಂಡು ನಾದಬೇಕು, ನಾದಿದ ಕೂಡಲೇ ಬಡಿಯಬೇಕು. ಹಂಚು ಕಾದಿದೆ, ಹೊತ್ತಾಗಿದೆ. ಆಗಲೇ ನಾಲ್ಕು ವರ್ಷದ ಮಗು ಬಂದು ನನಗೂ ಹಿಟ್ಟು ಕೊಡು ಎಂದು ಸೆರಗು ಎಳೆಯುತ್ತದೆ. ಆಚೆ ಹೋಗು ಎನ್ನುವುದು ಸುಲಭ. ನಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟರೆ ಅದು ಹರಿದುಹೋದ ಅಂಗೈಯಗಲದ ರೊಟ್ಟಿ ಮಾಡುತ್ತದೆ, ಅದನ್ನೂ ಹಂಚಿಗೆ ಹಾಕಿ, ಒದ್ದೆಬಟ್ಟೆ ಸವರಿ, ಬೇಯಿಸಿಕೊಡಬೇಕು. ಮಾರ್ಕನ 10ನೇ ಅಧ್ಯಾಯದಲ್ಲಿ ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸಿ ಅಟ್ಟಲು ನೋಡುತ್ತಾರೆ, ಅದನ್ನು ಕಂಡು ಯೇಸು ಸಿಟ್ಟಾಗುತ್ತಾನೆ. ಶಿಷ್ಯರು ಕೆಟ್ಟವರಲ್ಲ, ಅವರಿಗೆ ಅವಸರವಿತ್ತು, ಗುರುವಿಗೆ ಮುಖ್ಯವಾದ ಕೆಲಸವಿದೆ ಎಂಬ ಕಾಳಜಿಯಿತ್ತು. ಒಲೆಯ ಮುಂದೆ ಕೂತವಳ ಅವಸರವೂ ಅಷ್ಟೇ ನ್ಯಾಯವಾದದ್ದು. ಆದ್ದರಿಂದಲೇ ಹೇಳುತ್ತೇನೆ, ಈ ಪಾಠವನ್ನು ಅವಳೊಬ್ಬಳ ಮೇಲೆ ಹೊರಿಸಕೂಡದು. ರೊಟ್ಟಿ ಬಡಿಯುವವಳಿಗೆ ತಾಳ್ಮೆ ಕಲಿಸುವ ಮೊದಲು, ಆ ಹೊತ್ತಿನಲ್ಲಿ ಟಿವಿಯ ಮುಂದೆ ಕೂತವರು ಎದ್ದು ಮಗುವಿನ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು.

ಹಿರಿಯರು ಬೆಲೆ ತೆತ್ತಾಗ ಮನೆಯ ಪಾಠ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಕರ್ನಾಟಕದ ಮಣ್ಣಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ಶಾಸ್ತ್ರ ಕಲಿಸುವುದೇ ಎಂದು ಸಂಪ್ರದಾಯಸ್ಥರು ತಿರುಗಿಬಿದ್ದಾಗ ಪಾಠ ನಿಲ್ಲಿಸಲಿಲ್ಲ, ಊರು ಬಿಟ್ಟು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿಗೆ ಹೋದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳಿಗೆ ತಾಯಿ ನಸುಕಿನಲ್ಲೇ ಎಬ್ಬಿಸಿ ಪಾಠ ಹೇಳಿದರು, ಹಗಲಿಡೀ ಮನೆಗೆಲಸವಿದ್ದುದರಿಂದ ಅದೇ ಬಿಡುವಿನ ಹೊತ್ತು. ಆ ಮಗಳೇ ಪಂಡಿತಾ ರಮಾಬಾಯಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದ ಆಕೆ, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮುಂದೆ ಕೇಡಗಾಂವಿನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಮನೆ ಮಾಡಿಕೊಟ್ಟರು. ಮಗಳು ಮನೋರಮಾಬಾಯಿ ಕಲಬುರಗಿಯ ಕಡೆಗೂ ಆ ಕೆಲಸವನ್ನು ತಂದರು. ರಮಾಬಾಯಿ ಬೆಳೆದದ್ದು ಕ್ರೈಸ್ತರ ಮನೆಯಲ್ಲಲ್ಲ, ಅಪ್ಪ-ಅಮ್ಮ ಕೊನೆಯವರೆಗೂ ತಮ್ಮ ಧರ್ಮದಲ್ಲೇ ಇದ್ದರು. ಆದರೆ ಸುವಾರ್ತೆಯಲ್ಲಿ ರಮಾಬಾಯಿ ಮುಂದೆ ಗುರುತಿಸಿದ್ದರ ಒಂದು ಎಳೆ, ತನ್ನ ಮಾನ ಕಳೆದುಕೊಂಡರೂ ಮನೆಯ ಹೆಣ್ಣುಮಗಳ ತಲೆ ಎತ್ತಿಸುವ ಹಿರಿಯ ಎಂಬುದು, ಅವರಿಗೆ ಆ ಕಾಡಿನ ಮನೆಯಲ್ಲೇ ಪರಿಚಯವಾಗಿತ್ತು ಎಂದು ನಾನು ಓದುತ್ತೇನೆ.

ಇಷ್ಟಾದ ಮೇಲೆ ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು, ಮನೆಯ ಪ್ರತಿ ಘಟನೆಗೂ ಒಂದು ದೇವರ ಪಾಠ ಅಂಟಿಸುವುದು ಸುಲಭದ ಆಟ, ಹಾಲು ಉಕ್ಕಿದರೆ ಅಹಂಕಾರ, ರೊಟ್ಟಿ ಸೀದರೆ ಪಾಪ ಎನ್ನುತ್ತ ಹೋದರೆ ಅದಕ್ಕೆ ಕೊನೆಯೆಲ್ಲಿ ಎಂಬುದು. ಈ ಆಕ್ಷೇಪಕ್ಕೆ ಬಲವಿದೆ. ಮಹಾಪಂಡಿತನಾದ ಸಂತ ಅಗಸ್ಟೀನನೇ ದಾರಿಯಲ್ಲಿ ಬಿದ್ದ ಗಾಯಾಳುವನ್ನು ಛತ್ರಕ್ಕೆ ಸೇರಿಸಿದ ಸಮಾರ್ಯದವನ ಕಥೆಯನ್ನು ಬಿಡಿಸುತ್ತ ಛತ್ರ ಎಂದರೆ ಸಭೆ, ಛತ್ರದವನು ಎಂದರೆ ಪೌಲ ಎಂದೆಲ್ಲ ಲೆಕ್ಕ ಹಾಕಿದ್ದ. ಹೊಡೆತ ತಿಂದು ದಾರಿಯಲ್ಲಿ ಬಿದ್ದ ಮನುಷ್ಯ ಆ ಲೆಕ್ಕದಲ್ಲಿ ಮಾಯವಾಗುತ್ತಾನೆ. 1935ರಲ್ಲಿ ಸಿ. ಎಚ್. ಡಾಡ್ ಎಂಬ ವಿದ್ವಾಂಸ ಸಾಮ್ಯದ ಸ್ವಭಾವ ಹೇಳುತ್ತ, ಅದು ನಿತ್ಯಜೀವನದಿಂದ ಎತ್ತಿದ ಚಿತ್ರ, ಅರ್ಥವನ್ನು ಪೂರ್ತಿ ಬಿಟ್ಟುಕೊಡದೆ ಕೇಳುವವನ ತಲೆಯನ್ನು ಕೆದಕುವಂಥದು ಎಂದ. ಮನೆಯ ಘಟನೆಗೂ ಇದೇ ಅಳತೆಗೋಲು ಹಿಡಿಯಬಹುದು. ಘಟನೆ ನಡೆದ ಕೂಡಲೇ ಇನ್ನೊಬ್ಬರಿಗೆ ಹೇಳಲು ಒಂದು ನೀತಿ ಸಿದ್ಧವಾಗಿ ನಾಲಿಗೆಗೆ ಬಂದರೆ ಅದನ್ನು ಅನುಮಾನಿಸಬೇಕು. ನನ್ನನ್ನೇ ಚುಚ್ಚಿ ಉತ್ತರ ತೋಚದಂತೆ ಮಾಡಿದರೆ ಅದನ್ನು ಇಟ್ಟುಕೊಂಡು ಯೋಚಿಸಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಸಂಸಾರದಲ್ಲಿ ತಾಳ್ಮೆ, ಕ್ಷಮೆ, ತ್ಯಾಗದ ಪಾಠ ಹುಡುಕು ಎಂದಾಗಲೆಲ್ಲ ಆ ಪಾಠ ಬಂದು ಬೀಳುವುದು ಹೆಂಗಸರ ತಲೆಯ ಮೇಲೆ. ಕುಡಿದು ಹೊಡೆಯುವ ಗಂಡನನ್ನು ಏಳೆಪ್ಪತ್ತು ಸಲ ಕ್ಷಮಿಸು, ನಿನ್ನ ಶಿಲುಬೆಯನ್ನು ನೀನು ಹೊತ್ತುಕೋ ಎಂದು ಬೈಬಲ್ ತೆರೆದು ಹೇಳಿದವರು ಇದ್ದಾರೆ, ಇಂದಿಗೂ ಹೇಳುತ್ತಾರೆ. ಇದನ್ನು ನಯವಾಗಿ ದಾಟಿಹೋಗುವುದು ಸರಿಯಲ್ಲ. ಇಲ್ಲಿ ಬೈಬಲನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಎಫೆಸ ಪತ್ರದ 5ನೇ ಅಧ್ಯಾಯದಲ್ಲಿ ಹೆಂಡತಿಯರು ಅಧೀನರಾಗಿರಿ ಎಂಬ ವಾಕ್ಯವನ್ನು ಎತ್ತಿ ಓದುವವರು ಅದರ ಹಿಂದಿನ ವಾಕ್ಯವನ್ನು, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂಬುದನ್ನು, ಬಿಟ್ಟುಬಿಡುತ್ತಾರೆ. ಗಂಡಂದಿರಿಗೆ ಅಲ್ಲಿ ಹೇಳಿರುವುದು ಇನ್ನೂ ಭಾರವಾದದ್ದು, ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಪ್ರೀತಿಸಿರಿ ಎಂದು. ಪಾಠ ಮೊದಲು ಬಲಶಾಲಿಯನ್ನು ಕಟ್ಟಿಹಾಕಬೇಕು ಎಂದು ಆರಂಭದಲ್ಲಿ ಹೇಳಿದ ಮಾತು ಇಲ್ಲಿ ಬರಿಯ ವ್ಯಾಖ್ಯಾನವಾಗಿ ಉಳಿಯುವುದಿಲ್ಲ, ಒಬ್ಬಳ ಜೀವದ ಪ್ರಶ್ನೆಯಾಗುತ್ತದೆ. ಹೊಡೆತ ತಿನ್ನುವವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಸೂರು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ವಾಸದ ಮನೆಯಲ್ಲಿ ಉಳಿಯುವ ಹಕ್ಕನ್ನೂ ರಕ್ಷಣೆಯ ಆದೇಶವನ್ನೂ ಕೊಡುತ್ತದೆ. ಅದನ್ನು ಬಳಸುವಂತೆ ಜೊತೆಗೆ ನಿಂತು ನೆರವಾಗುವ ಪಾಸ್ಟರು, ಫಾದರು ಸುವಾರ್ತೆಯ ಕೆಲಸವನ್ನೇ ಮಾಡುತ್ತಿದ್ದಾರೆ.

ಮೂರನೆಯದನ್ನು ಬೈಬಲನ್ನು ಚೆನ್ನಾಗಿ ಓದಿದವರು ಎತ್ತುತ್ತಾರೆ. ಯೇಸುವೇ ಮನೆ ಬಿಟ್ಟು ಹೊರಟವನು. ತಾಯಿ, ತಮ್ಮಂದಿರು ಹೊರಗೆ ಕಾಯುತ್ತಿದ್ದಾರೆ ಎಂದಾಗ ನನ್ನ ತಾಯಿ ಯಾರು, ತಮ್ಮಂದಿರು ಯಾರು ಎಂದು ಕೇಳಿ, ದೇವರ ಚಿತ್ತದಂತೆ ನಡೆಯುವವರೇ ನನ್ನವರು ಎಂದ. ತಂದೆತಾಯಿಯನ್ನು ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಎಂಬ ಗಟ್ಟಿ ಮಾತೂ ಲೂಕನಲ್ಲಿದೆ. ಹಾಗಿರುವಾಗ ಸಂಸಾರವನ್ನೇ ನಂಬಿಕೆಯ ಶಾಲೆ ಎನ್ನುವುದು ಹೇಗೆ? ಈ ಮಾತುಗಳನ್ನು ಮೆದು ಮಾಡುವುದು ನನಗೆ ಒಪ್ಪಿಗೆಯಿಲ್ಲ, ಅವು ಇರಬೇಕಾದಷ್ಟೇ ಕಟುವಾಗಿವೆ. ಕುಟುಂಬ ಎಂದ ಕೂಡಲೇ ನಮ್ಮಲ್ಲಿ ಮನೆತನ ಬರುತ್ತದೆ, ಮನೆತನದ ಬೆನ್ನಿಗೇ ಜಾತಿ ಬರುತ್ತದೆ. ಪ್ರಭುಭೋಜನದಲ್ಲಿ ಒಂದೇ ರೊಟ್ಟಿ ಮುರಿದು ತಿಂದವರು ಮಗನಿಗೆ ಹೆಣ್ಣು ನೋಡುವಾಗ ಅವರು ಮೊದಲು ಯಾವ ಜನ ಎಂದು ಕೇಳುವುದು ಕ್ರೈಸ್ತರಲ್ಲಿ ಇನ್ನೂ ಸತ್ತಿಲ್ಲ. ಯೇಸುವಿನ ಆ ಮಾತು ಒಡೆಯಹೊರಟದ್ದು ಈ ಗೋಡೆಯನ್ನು. ಅದೇ ಯೇಸು ಶಿಲುಬೆಯ ಮೇಲಿದ್ದಾಗ ಅಮ್ಮನನ್ನು ಶಿಷ್ಯನಿಗೆ ಒಪ್ಪಿಸಿದ, ಆ ಶಿಷ್ಯ ಅಂದಿನಿಂದ ಆಕೆಯನ್ನು ತನ್ನ ಮನೆಗೆ ಕರೆದುಕೊಂಡ ಎಂದು ಯೋಹಾನ ಬರೆಯುತ್ತಾನೆ. ರಕ್ತಸಂಬಂಧವಿಲ್ಲದ ಒಂದು ಮನೆ ಅಲ್ಲಿ ಹುಟ್ಟಿತು. ಮನೆಯೊಳಗೆ ಕಲಿತ ಪ್ರೀತಿ ಹೊಸ್ತಿಲು ದಾಟದಿದ್ದರೆ ಅದನ್ನು ಸುವಾರ್ತೆ ಎಂದು ಕರೆಯಲಾಗದು.

ಇದೆಲ್ಲ ಪುರುಸೊತ್ತು ಇದ್ದವರ ಮಾತು ಎನ್ನುವವರೂ ಇದ್ದಾರೆ. ಸಂಡೂರಿನ ಅದಿರಿನ ಗಣಿಗಳಲ್ಲಿ ಪಾಳಿ ಮುಗಿಸಿ ಕೆಂಪು ಧೂಳು ಮೆತ್ತಿಕೊಂಡು ಬರುವವರಿಗೆ, ಕಬ್ಬು ಕಡಿಯಲು ಗುಳೆ ಹೋಗಿ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟವರಿಗೆ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ ಎಲ್ಲಿಯದು? ಧರ್ಮೋಪದೇಶಕಾಂಡ ಇದಕ್ಕೆ ಬೇರೆ ಗಂಟೆ ಇಟ್ಟಿಲ್ಲ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎನ್ನುತ್ತದೆ. ಪೌಲನ ಶಿಷ್ಯ ತಿಮೊಥೆಯನ ನಂಬಿಕೆ ಅಜ್ಜಿ ಲೋವಿಯಿಂದ, ಅಮ್ಮ ಯೂನಿಕೆಯಿಂದ ಬಂದದ್ದು ಎಂದು ಅವನಿಗೆ ಬರೆದ ಪತ್ರ ಹೆಸರು ಹಿಡಿದು ಹೇಳುತ್ತದೆ. ಅಜ್ಜಿಯರು ಮಕ್ಕಳನ್ನು ಸಾಕುವ ನಮ್ಮ ಊರುಗಳಿಗೆ ಇದು ಚೆನ್ನಾಗಿ ತಿಳಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ಚರ್ಚುಗಳಿಗೆಲ್ಲ ಬೀಗ ಬಿದ್ದು ಏಪ್ರಿಲ್ 12ರ ಈಸ್ಟರ್ ಹಬ್ಬ ಮನೆಯೊಳಗೇ ಕಳೆಯಿತು. ನಾಲ್ಕನೇ ಶತಮಾನದ ಸಂತ ಕ್ರಿಸೊಸ್ತೊಮ್ ಮನೆಯನ್ನು ಚಿಕ್ಕ ಚರ್ಚು ಎಂದದ್ದೂ, 1964ರಲ್ಲಿ ಎರಡನೇ ವ್ಯಾಟಿಕನ್ ಸಮ್ಮೇಳನ ಅದೇ ಮಾತನ್ನು ಮತ್ತೆ ಎತ್ತಿದ್ದೂ ಆ ವರ್ಷ ಎಷ್ಟೋ ಜನರಿಗೆ ಮೊದಲ ಸಲ ನಿಜವೆನಿಸಿತು. ಸಮಯದ ಕೊರತೆ ಬಡವರ ಮನೆಗಳಿಗೆ ನಿಜವಾದ ಕಷ್ಟ. ಆದರೆ ತುಂಗಭದ್ರೆಯ ಕಾಲುವೆಗಳನ್ನು ಬಲ್ಲ ನಮಗೆ ಇನ್ನೊಂದು ಸಂಗತಿಯೂ ಗೊತ್ತು. ಕಾಲುವೆಯ ಮೇಲ್ಭಾಗದವರು ಬೇಕಾದಷ್ಟು ತೂಬು ತೆರೆದುಕೊಂಡರೆ ಕೊನೆ ಭಾಗದ ರೈತನ ಹೊಲಕ್ಕೆ ನೀರು ಮುಟ್ಟುವುದಿಲ್ಲ, ಕೊನೆಯವನಿಗೆ ಮಿತವ್ಯಯ ಬೋಧಿಸಿ ಫಲವಿಲ್ಲ. ಮನೆಯಲ್ಲೂ ಬಿಡುವು, ವಿಶ್ರಾಂತಿ, ಮೊದಲ ತುತ್ತು, ಕೊನೆಯ ಮಾತು ಇವೆಲ್ಲ ಮೇಲಿನವರಿಗೆ ಮೊದಲು ಸಿಗುತ್ತವೆ. ಕೆಳಗಿನವರಿಗೆ ಹರಿಯಬೇಕಾದರೆ ತೂಬು ಇಳಿಸಬೇಕಾದವರು ಅವರೇ.

ಇದರಲ್ಲಿ ಕ್ರೈಸ್ತರದ್ದೇ ಆದದ್ದೇನಿದೆ, ಶರಣರು ಕಾಯಕದಲ್ಲಿ, ದಾಸೋಹದಲ್ಲಿ 12ನೇ ಶತಮಾನದಲ್ಲೇ ಇದನ್ನು ಬದುಕಿ ತೋರಿಸಲಿಲ್ಲವೇ ಎಂದು ಕೇಳಿದರೆ ಹೌದೆನ್ನಬೇಕು. ಇದಕ್ಕೆ ಕನ್ನಡ ಕ್ರೈಸ್ತರಲ್ಲೇ ಒಬ್ಬರು ಬದುಕಿನಿಂದ ಉತ್ತರ ಕೊಟ್ಟಿದ್ದಾರೆ. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿಯನ್ನು ಹೆಸರಿನಲ್ಲೇ ಇಟ್ಟುಕೊಂಡ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದುಕೊಂಡೇ ಜನರ ಬಾಯಲ್ಲಿ, ಹಸ್ತಪ್ರತಿಗಳಲ್ಲಿ ಚದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಬೀಸುವಾಗ, ಕುಟ್ಟುವಾಗ, ಜಗಳ ಬಿಡಿಸುವಾಗ ಮನೆಮನೆಯಲ್ಲಿ ಜನ ನೆನೆಯುತ್ತಿದ್ದ ಆ ಮಾತುಗಳಲ್ಲಿ ಅವರಿಗೆ ತಮ್ಮ ನಂಬಿಕೆಗೆ ಎದುರಾಳಿ ಕಾಣಲಿಲ್ಲ. ಒಂದು ಮನೆಯಲ್ಲಿ ಕಲಿತದ್ದನ್ನು ಇನ್ನೊಂದು ಮನೆಯಲ್ಲಿ ಗುರುತಿಸುವ ಕಣ್ಣು ಅವರಿಗಿತ್ತು. ಕ್ರೈಸ್ತರ ಪಾಲಿಗೆ ಬಂದ ಎಳೆ ಯಾವುದೆಂದರೆ, ತಪ್ಪಿಹೋದ ಮಗನತ್ತ ಧಾವಿಸಿದ ಆ ಅಪ್ಪನ ಓಟದಲ್ಲಿ ದೇವರನ್ನೇ ಕಂಡದ್ದು. ದೇವರೇ ಮೊದಲು ಮೆಟ್ಟಿಲಿಳಿದು ಬಂದನೆಂದು ನಂಬುವವರು ತಮ್ಮ ಮನೆಯಲ್ಲಿ ಮೇಲೆಯೇ ಕೂತಿರುವುದು ಹೇಗೆ?

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರಂದು, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ದಿನ, ಇಗರ್ಜಿಯಲ್ಲಿ ಆಶೀರ್ವದಿಸಿ ಹಂಚಿದ ಭತ್ತದ ತೆನೆ ಮನೆಗೆ ಬರುತ್ತದೆ. ಮನೆಯ ಹಿರಿಯರು ತಮ್ಮ ಕೈಯಾರೆ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಎಲ್ಲರಿಗೂ ಕೊಡುತ್ತಾರೆ. ಅಂದು ಮಾಂಸ, ಮೀನಿಲ್ಲ, ಎಲ್ಲರೂ ಒಟ್ಟಿಗೆ ಕೂತು ತರಕಾರಿ ಊಟ. ಆ ಊಟಕ್ಕೆ ಜಗಳವಾಡಿ ದೂರವಾದವರೂ ಬರಬೇಕೆಂಬುದು ಆಸೆ, ಎಲ್ಲ ವರ್ಷವೂ ಅದು ಕೈಗೂಡುವುದಿಲ್ಲ. ತಪ್ಪಿಹೋದ ಮಗನ ಕಥೆಯೂ ಒಂದು ಔತಣದಲ್ಲೇ ಕೊನೆಯಾಗುತ್ತದೆ. ಕಿರಿಯ ಮಗ ಒಳಗೆ ಪಂಕ್ತಿಯಲ್ಲಿದ್ದಾನೆ. ಹೊಲದಿಂದ ಬಂದ ಹಿರಿಯ ಮಗ ವಾದ್ಯದ ಸದ್ದು ಕೇಳಿ ಸಿಟ್ಟಾಗಿ ಒಳಗೆ ಕಾಲಿಡಲು ಒಪ್ಪುವುದಿಲ್ಲ. ಇಷ್ಟು ವರ್ಷ ದುಡಿದರೂ ನನಗೊಂದು ಆಡಿನಮರಿ ಕೊಟ್ಟೆಯಾ ಎನ್ನುವ ಅವನ ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ನೆಂಟರನ್ನು ಒಳಗೆ ಬಿಟ್ಟು ಅಪ್ಪ ಅದೇ ದಿನ ಎರಡನೇ ಸಲ ಮನೆಯಿಂದ ಹೊರಬರುತ್ತಾನೆ, ಮಗನನ್ನು ಬೇಡಿಕೊಳ್ಳುತ್ತಾನೆ. ಮಗ ಒಳಗೆ ಹೋದನೇ ಎಂದು ಲೂಕ ಹೇಳುವುದಿಲ್ಲ. ಅಡುಗೆ ಆರುತ್ತಿದೆ, ಒಳಗೆ ಹಾಡು ನಡೆದಿದೆ, ಕಥೆ ಮುಗಿಯುವಾಗಲೂ ಅಪ್ಪ ಅಂಗಳದಲ್ಲೇ ನಿಂತಿದ್ದಾನೆ.